ಕೂಗುವುದಕ್ಕೂ ಅಪ್ಪಣೆ

ಮಕ್ಕಳೇ, ಹರಟೆಮಲ್ಲ ಹಕ್ಕಿಯನ್ನು ನೋಡಿದ್ದೀರಲ್ಲ? ಮೈಯೆಲ್ಲ ಬೂದು ಬಣ್ಣ, ಒಂದು ಗಳಿಗೆಯೂ ಬಾಯಿ ಮುಚ್ಚದ ಜಾತಿ. ಅಂಥ ಏಳು ಹಕ್ಕಿಗಳು ಕಾಡಂಚಿನ ಹೊಂಗೆ ಮರದಲ್ಲಿ ಒಟ್ಟಿಗಿದ್ದವು. ಉಳಿದವು ನೆಲದ ತರಗೆಲೆ ಕೆದಕಿ ಹುಳು ತಿನ್ನುವಾಗ ಒಂದು ಹಕ್ಕಿ ಮರದ ತುದಿಯಲ್ಲಿ ಕೂತು ಕಾಯಬೇಕು. ಗಿಡುಗ ಕಂಡರೆ ಕೂಗಬೇಕು. ಇದು ಸರದಿಯ ಕೆಲಸ. ಯಜಮಾನ ಭರಮಪ್ಪನಿಗೆ ಮಾತ್ರ ಸರದಿ ಇರಲಿಲ್ಲ.

ಭರಮಪ್ಪನಿಗೆ ಕೋಪ ಕೊಕ್ಕಿನ ತುದಿಯಲ್ಲೇ. ಒಂದು ದಿನ ಕಾವಲಿದ್ದ ತುಂಗವ್ವ ನೆರಳೊಂದನ್ನು ಕಂಡು ಕೂಗಿದಳು. ಎಲ್ಲರೂ ಪೊದೆಗೆ ನುಗ್ಗಿದರು. ನೋಡಿದರೆ ಅದು ಬಡಪಾಯಿ ಕಾಗೆ!

"ನಿನ್ನ ಕೂಗಿಗೆ ನನ್ನ ಬಾಯಿಗೆ ಬಂದ ಹುಳು ತಪ್ಪಿತು! ಇವತ್ತು ನಿನಗೆ ಉಪವಾಸ," ಎಂದು ಭರಮಪ್ಪ ಗದರಿದ. "ಇನ್ನು ಮೇಲೆ ಯಾರೇ ಆಗಲಿ, ಕೆಳಗಿಳಿದು ನನ್ನ ಅಪ್ಪಣೆ ಕೇಳಿ ಕೂಗಬೇಕು."

ತುಂಗವ್ವನ ಹೊಟ್ಟೆ ಉರಿಯಿತು. ಹಸಿವಿಗಲ್ಲ, ಅವಮಾನಕ್ಕೆ. ಅಂದಿನಿಂದ ಕಾವಲಿನವರ ಕಣ್ಣು ಆಕಾಶವನ್ನು ಬಿಟ್ಟು ಯಜಮಾನನ ಮುಖದ ಮೇಲೇ ನೆಟ್ಟಿತು. ಕೂಗುವ ಉತ್ಸಾಹ ಯಾರಿಗೂ ಉಳಿಯಲಿಲ್ಲ.

ಮೂರನೆಯ ದಿನ ಪಾಪದ ಸೋಮಣ್ಣನ ಸರದಿ. ದೂರದಲ್ಲಿ ಏನೋ ಸುಳಿದದ್ದು ಕಂಡು ಅವನು ಕೆಳಗಿಳಿದ.

"ಯಜಮಾನ್ರೇ, ಮೇಲೆ ಏನೋ ಕಾಣ್ತಿದೆ. ಕೂಗಲಾ?"

"ಬಾಯಲ್ಲಿ ಹುಳು ಇರೋದು ಕಾಣಲ್ವಾ? ಸ್ವಲ್ಪ ನಿಲ್ಲು!"

ಸೋಮಣ್ಣ ನಿಂತ. ಗಿಡುಗ ನಿಲ್ಲಲಿಲ್ಲ.

ಎಲೆ ಕೆದಕುತ್ತಿದ್ದ ತುಂಗವ್ವ ತಲೆಯೆತ್ತಿದಳು. ಮತ್ತೆ ಉಪವಾಸ ಬಿದ್ದರೆ ಬೀಳಲಿ ಎಂದುಕೊಂಡು ಗಂಟಲು ಹರಿಯುವಂತೆ ಕೂಗಿದಳು. ಎಲ್ಲರೂ ಪೊದೆಗೆ ಹಾರಿದರು. ಕೊನೆಗೆ ಹಾರಿದ ಭರಮಪ್ಪನ ಬಾಲದ ಗರಿಗಳು ಗಿಡುಗನ ಉಗುರಿಗೆ ಸಿಕ್ಕಿ ಕಿತ್ತುಹೋದವು.

ಬಾಲ ಹೋದರೂ ಗತ್ತು ಹೋಗಲಿಲ್ಲ ನೋಡಿ! "ಯಾರ ಅಪ್ಪಣೆ ಕೇಳಿ ಕೂಗಿದೆ?" ಎಂದ.

"ಗಿಡುಗ ಯಾರ ಅಪ್ಪಣೆ ಕೇಳಿ ಬಂತು?" ತುಂಗವ್ವ ಎದೆ ಸೆಟೆಸಿ ನಿಂತಳು. "ನಾಳೆಯಿಂದ ನಾವು ಕಂಡದ್ದನ್ನು ಕೂಗ್ತೀವಿ. ತಪ್ಪಾದರೆ ಬೈಯೋ ಹಾಗಿಲ್ಲ, ಉಪವಾಸ ಹಾಕೋ ಹಾಗಿಲ್ಲ. ನಿಮಗೂ ಒಂದು ಸರದಿ. ಒಪ್ಪದಿದ್ದರೆ ನೀವೊಬ್ಬರೇ ಇರಿ, ನಾವು ಬೇರೆ ಮರ ನೋಡ್ಕೊಳ್ತೀವಿ."

"ನಾನು ಯಜಮಾನ!"

"ಯಾರಿಗೆ?" ಎಂದ ಸೋಮಣ್ಣ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಉಳಿದವರೆಲ್ಲ ತುಂಗವ್ವನ ಪಕ್ಕ ಬಂದು ನಿಂತರು.

ಭರಮಪ್ಪ ಸುತ್ತಲೂ ನೋಡಿದ. ಅವನ ಪಕ್ಕದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

ಮರುದಿನ ಅವನು ಮೋಟು ಬಾಲ ಹೊತ್ತು ಮರದ ತುದಿ ಏರಿದ. ಪೊದೆಯಾಚೆ ಏನೋ ಅಲುಗಿತು. ಕೂಗಲೋ ಬೇಡವೋ? ತಪ್ಪಾದರೆ ಎಲ್ಲರೂ ಏನೆಂದಾರು? ಕೊನೆಗೆ ಕೂಗಿಯೇಬಿಟ್ಟ. ಅದು ಬರೀ ಮೊಲ!

ಪೊದೆಯಿಂದ ಹೊರಬಂದ ತುಂಗವ್ವ ಅವನನ್ನು ದಿಟ್ಟಿಸಿ ನೋಡಿದಳು.

"ಪರವಾಗಿಲ್ಲ, ಯಜಮಾನ್ರೇ. ಮುಂದಿನ ಸಲವೂ ಹೀಗೇ ಕೂಗಿ."

ಭರಮಪ್ಪ ನಾಚಿ ತಲೆ ತಗ್ಗಿಸಿದ.

ನೀತಿ: ಬೈಗುಳಕ್ಕೆ ಹೆದರಿದವರು ಕಣ್ಣಾರೆ ಕಂಡದ್ದನ್ನೂ ಹೇಳುವುದಿಲ್ಲ, ಕೆಲಸ ಚೆನ್ನಾಗಿ ನಡೆಯಬೇಕಾದರೆ ಯಜಮಾನ ಮೊದಲು ಜೊತೆಯವರನ್ನು ನಂಬಬೇಕು.