ಗಾಣಿಗನ ಮೊಮ್ಮಗನ ಹೆಸರು

"ಗುರುಗಳೇ, ಮಾತನ್ನು ಕೆಡಿಸಿದವರು ಯಾರು?" ಎಂದು ಶಿಷ್ಯ ಕೇಳಿದ.

ಅವನು ವ್ಯಾಕರಣ ಓದಿ ಮುಗಿಸಿದ್ದ. ಮರುದಿನದಿಂದ ಮಠದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಬೇಕಿತ್ತು. "ಪದ ಹುಟ್ಟುವಾಗ ತುಂಬಿಕೊಂಡಿರುತ್ತದೆ. ಜನರ ಬಾಯಿಗೆ ಬಿದ್ದ ಮೇಲೆ ಒಂದು ಕಡೆ ಸವೆಯುತ್ತದೆ, ಇನ್ನೊಂದು ಕಡೆ ಬಾಲ ಬೆಳೆಯುತ್ತದೆ. ಊರಿಗೊಂದು ರೀತಿ. ಇದನ್ನು ಮಕ್ಕಳ ನಾಲಿಗೆಯಲ್ಲೇ ತಿದ್ದಿಬಿಡೋಣ ಎಂದುಕೊಂಡಿದ್ದೇನೆ."

ಗುರುಗಳು ನಕ್ಕರು. "ಬೆತ್ತ ಕಡಿದಿಟ್ಟುಕೊಂಡಿದ್ದೀಯೋ, ಇನ್ನೂ ಕಡಿಯಬೇಕೋ? ಅದಕ್ಕೂ ಮೊದಲು ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಹೆಸರು ವಿರೂಪಾಕ್ಷಪ್ಪ. ಎಣ್ಣೆಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಮಾತ್ರ ಬಲು ಬಿಗಿ. ಬಹಳ ವರ್ಷ ಕಾದ ಮೇಲೆ ಅವನಿಗೆ ಮೊಮ್ಮಗ ಹುಟ್ಟಿದ. ತೊಟ್ಟಿಲಿಗೆ ಹಾಕಿದ ದಿನ ಕೂಸಿಗೆ ಅಜ್ಜನ ಹೆಸರನ್ನೇ ಇಟ್ಟರು, ವಿರೂಪಾಕ್ಷ ಎಂದು. ಗಾಣಿಗನ ಕಣ್ಣು ತುಂಬಿ ಬಂತು. "ಹೆಸರು ಪೂರಾ ಕರೀಬೇಕು. ತುಂಡು ಮಾಡಿ ಕರದ್ರ ನನ್ನನ್ನ ತುಂಡು ಮಾಡಿದಂಗ" ಎಂದು ಮನೆಮಂದಿಗೆಲ್ಲ ಹೇಳಿದ.

ಹೇಳುವ ಭರದಲ್ಲಿ ಅವನು ಒಂದನ್ನು ಮರೆತ. ಗಂಡನ ಹೆಸರನ್ನು ಹೆಂಡತಿಯಾಗಲಿ, ಮಾವನ ಹೆಸರನ್ನು ಸೊಸೆಯಾಗಲಿ ಬಾಯಿಬಿಟ್ಟು ಹೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಮದುವೆಮನೆಗಳಲ್ಲಿ ಹೆಂಗಸರೆಲ್ಲ ಸೇರಿ ಪೀಡಿಸಿದರೆ ಗಾಣಿಗನ ಹೆಂಡತಿ ಒಡಪು ಕಟ್ಟಿ, ಅದರ ನಡುವೆ ಗಂಡನ ಹೆಸರನ್ನು ಸೇರಿಸಿ ಹೇಳುವುದಿತ್ತು. ಮಣ್ಣು ತಿನ್ನುತ್ತಿರುವ ಕೂಸನ್ನು ಒಡಪು ಹೇಳಿ ತಡೆಯಲಾಗುತ್ತದೆಯೆ? ಗಾಣಿಗ ಗಾಣದಲ್ಲಿ, ಮಗ ಎಣ್ಣೆ ಮಾರುತ್ತ ಸಂತೆಯಲ್ಲಿ. ಹಗಲೆಲ್ಲ ಕೂಸಿನ ಜೊತೆ ಇರುವವರು ಈ ಅತ್ತೆ ಸೊಸೆಯರೇ.

ಅವರು "ಏ" ಎಂದು ಕರೆದು ನೋಡಿದರು. ಎತ್ತಿಗೂ ಏ, ಕೋಳಿಗೂ ಏ. ಕೂಸು ಅದು ತನಗಲ್ಲ ಎಂದುಕೊಂಡಿತು. ಅಜ್ಜನ ಹೆಸರಿನವನಲ್ಲವೆ ಎಂದು "ಅಜ್ಜಾ" ಎಂದರು. ಗಾಣದ ಮೇಲೆ ಕೂತಿದ್ದ ಗಾಣಿಗ "ಏನು?" ಎಂದ.

ಕೊನೆಗೆ ದಾರಿ ಮಾಡಿಕೊಟ್ಟದ್ದು ಕೂಸೇ. ಸಂಜೆ ಅಜ್ಜ ತನ್ನನ್ನು ಎತ್ತಿಕೊಂಡು "ವಿರೂಪಾಕ್ಷಾ" ಎನ್ನುವುದನ್ನು ಕೇಳಿ ಕೇಳಿ ಅದೂ ಹೇಳಹೋಯಿತು. ಅಷ್ಟುದ್ದಕ್ಕೆ ಅದರ ಬಾಯಿ ಸಾಲದು. ಕೊನೆಯ ಅಕ್ಷರಕ್ಕೆ ನಾಲಿಗೆ ಹೊರಳದು. ಆದರೂ ಅಜ್ಜನ ದನಿ ಏರುವ ಜಾಗವನ್ನು ಅದು ಬಿಡಲಿಲ್ಲ. ಅದನ್ನೇ ಹಿಡಿದುಕೊಂಡು "ಪಾಚು" ಎಂದಿತು. ಸೊಸೆಗೆ ಹೋದ ಜೀವ ಬಂದಂತಾಯಿತು. ಇದು ಮಾವನ ಹೆಸರಲ್ಲ, ಆದ್ದರಿಂದ ಹೇಳಬಹುದು. ಮಾವನ ಹೆಸರಿನಿಂದಲೇ ಬಂದದ್ದು, ಆದ್ದರಿಂದ ಪರರದ್ದೂ ಅಲ್ಲ. ಅಂದಿನಿಂದ ಹೆಂಗಸರಿಬ್ಬರೂ ಪಾಚು ಎಂದರು, ಹಾಗೆ ಕರೆದಾಗಲೆಲ್ಲ ಕೂಸು ತಿರುಗಿತು.

ಇದು ಗಾಣಿಗನ ಕಿವಿಗೆ ಬಿತ್ತು. "ನನ್ನ ಹೆಸರು ಮಾವಿನಕಾಯಿ ಅನ್ಕೊಂಡೀರೇನು, ಹೆಚ್ಚಿ ಉಪ್ಪು ಹಾಕಾಕ?" ಎಂದು ಕೂಗಾಡಿದ. ಹೆಂಗಸರು ಅವನ ಮುಂದೆ ಪಾಚು ಎನ್ನುವುದನ್ನು ಬಿಟ್ಟರು. ಮತ್ತೆ "ಏ" ಶುರುವಾಯಿತು.

ಒಂದು ದಿನ ಹೆಂಗಸರು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದರು. ನಿದ್ದೆ ಮಾಡುತ್ತಿದ್ದ ಕೂಸು ಎದ್ದು ತಪ್ಪು ಹೆಜ್ಜೆ ಹಾಕುತ್ತ ಹಿತ್ತಲಿಗೆ ನಡೆಯಿತು. ಹಿತ್ತಲಲ್ಲಿ ಕಟ್ಟೆಯಿಲ್ಲದ ಬಾವಿ. ಗಾಣಿಗ ನೋಡುವಷ್ಟರಲ್ಲಿ ಕೂಸು ಅಂಚಿನ ಹತ್ತಿರವಿತ್ತು. ಓಡಿದರೂ ಮುಟ್ಟಲಾಗದಷ್ಟು ದೂರ. ಅವನು "ವಿರೂಪಾಕ್ಷಾ" ಎಂದು ಕೂಗಿದ. ಕೂಸಿಗೆ ಅದು ಅಜ್ಜನ ತೊಡೆಯ ಮೇಲೆ ಕೂತು ಕೇಳುವ ಸಂಜೆಯ ಹಾಡು. ಅದಕ್ಕೆ ಯಾರೂ ನಿಲ್ಲಬೇಕಾಗಿಲ್ಲ. ಕೂಸು ಇನ್ನೊಂದು ಹೆಜ್ಜೆ ಇಟ್ಟಿತು. ಗಾಣಿಗನ ಉಸಿರು ಸಿಕ್ಕಿಕೊಂಡಿತು. ಉಳಿದಷ್ಟು ಉಸಿರಿನಲ್ಲಿ ಅವನು "ಪಾಚೂ!" ಎಂದ.

ಕೂಸು ನಿಂತಿತು. ತಿರುಗಿ ನೋಡಿ ನಕ್ಕು, ಅಜ್ಜನ ಕಡೆಗೆ ಬಂತು.

ಹೆಂಗಸರು ಹಳ್ಳದಿಂದ ಬಂದಾಗ ಗಾಣಿಗ ಕೂಸನ್ನು ಅವಚಿಕೊಂಡು ಅಳುತ್ತಿದ್ದ. ಎತ್ತು ತನ್ನಷ್ಟಕ್ಕೆ ಗಾಣ ಸುತ್ತುತ್ತಿತ್ತು. ಅವನು ಸೊಸೆಯ ಮುಂದೆ ಕೈಮುಗಿದ.

"ಯವ್ವಾ, ಹೆಸರು ಮುರದ್ರಿ ಅಂತ ನಿಮ್ಮನ್ನ ಬೈದೆ. ಆ ಮುರದ ಹೆಸರ ನನ್ನ ಕೂಸನ್ನ ತಿರುಗಿಸಿ ಕೊಡ್ತು. ನಿಮ್ಮ ಉಪಕಾರ ನಾ ಮರಿಯಂಗಿಲ್ಲ."

ಸೊಸೆ ಗಾಬರಿಯಾಗಿ ಸೆರಗು ಎಳೆದುಕೊಂಡಳು. "ನಾವೇನೂ ಮಾಡಿಲ್ರಿ ಮಾವಾರ. ಅದು ತನ್ನ ಬಾಯಿಗೆ ಹೊಂದೂವಷ್ಟು ತಗೊಂಡಿತ್ತು, ನಮಗೂ ಹೊಂದಿತು" ಎಂದಳು.

ಕತೆ ಮುಗಿಸಿ ಗುರುಗಳು ಹೇಳಿದರು: "ನಾಲಿಗೆ ಸಣ್ಣದನ್ನು ಬೇಡಿತು. ಅಜ್ಜ ತನ್ನ ಹೆಸರನ್ನು ಬೇಡಿದ. ಮನೆಯ ಪದ್ಧತಿ ಆ ಹೆಸರೇ ಬೇಡ ಎಂದಿತು. ಕಿವಿಗೆ ಎತ್ತು ಕೋಳಿಗಳದ್ದಲ್ಲದ ಒಂದು ಕರೆ ಬೇಕಿತ್ತು. ಎಲ್ಲರೂ ಪೂರ್ತಿ ಗೆಲ್ಲಲಾಗದು. ಯಾವುದು ಹೆಚ್ಚು ಎಂದು ಆ ಮನೆಗೆ ಕಂಡಿತೋ ಅದಕ್ಕೆ ಉಳಿದವು ದಾರಿ ಬಿಟ್ಟವು. ಪಕ್ಕದ ಊರಿನಲ್ಲೂ ಇವೇ ಬೇಡಿಕೆಗಳು. ಅಲ್ಲಿ ಪದ್ಧತಿ ಸಡಿಲ, ಅಜ್ಜಂದಿರ ಮಾತೇ ಮೇಲು. ಅಲ್ಲಿನ ವಿರೂಪಾಕ್ಷ ಹೆಸರಿನ ಮುಂಭಾಗವನ್ನು ಉಳಿಸಿಕೊಂಡು ಇರುಪಣ್ಣನಾದ. ಕೆಡಿಸಿದವರು ಯಾರು ಎಂದು ಕೇಳಿದೆಯಲ್ಲ, ನಾನು ಅವರಿಗೆ ದಿನವೂ ಕೈಮುಗಿಯುತ್ತೇನಪ್ಪ. ಅಷ್ಟು ಜಗಳದ ನಡುವೆಯೂ ನಮ್ಮ ಬಾಯಿಗೊಂದು ಮಾತು ಉಳಿಸಿಕೊಟ್ಟರು."

ಶಿಷ್ಯ ಬಿಡಲಿಲ್ಲ. "ಆದರೂ ಆ ಕೂಸಿನ ನಿಜವಾದ ಹೆಸರು ಒಂದೇ ಇರಬೇಕಲ್ಲವೆ? ಅದು ಯಾವುದು?"

"ಅದಿರಲಿ, ನೀನು ತೆವಳುತ್ತಿದ್ದಾಗ ನಿನ್ನ ತಾಯಿ ಏನೆಂದು ಕರೆದರೆ ತಿರುಗಿ ನೋಡುತ್ತಿದ್ದೆ?" ಎಂದರು ಗುರುಗಳು.

ಶಿಷ್ಯನಿಗೆ ಆ ಹೆಸರು ನೆನಪಾಯಿತು. ಮರುದಿನ ಅವನು ಬೆತ್ತವಿಲ್ಲದೆ ಶಾಲೆಗೆ ಹೋದ.