ಮುನ್ನೂರು ರೂಪಾಯಿಯ ಹುಣ್ಣಿಮೆ

ಹೊಳೆ ಸಮುದ್ರ ಸೇರುವ ಜಾಗದಲ್ಲಿ ಹಿರೇಕಡವು ಎಂಬ ಊರು. ಅಲ್ಲಿ ಜಟ್ಟಯ್ಯ ಎಂಬ ಅಂಬಿಗನಿದ್ದ. ಒಂದು ಮರದ ದೋಣಿ, ಎರಡು ಹುಟ್ಟು, ತಲೆಗೊಂದು ಅಡಿಕೆ ಹಾಳೆಯ ಟೋಪಿ, ಇಷ್ಟೇ ಅವನ ಆಸ್ತಿ. ಈ ದಡದಿಂದ ಆ ದಡಕ್ಕೆ ತಲೆಗೆ ಹತ್ತು ರೂಪಾಯಿ. ಸೇತುವೆ ಇದ್ದದ್ದು ಒಂಬತ್ತು ಮೈಲಿ ದೂರದಲ್ಲಿ. ಹಾಗಾಗಿ ಆಚೆ ದಡದ ಜನ ಜಟ್ಟಯ್ಯನನ್ನೇ ನೆಚ್ಚಿಕೊಂಡಿದ್ದರು. ಜಟ್ಟಯ್ಯನೂ ಅವರನ್ನೇ ನೆಚ್ಚಿಕೊಂಡಿದ್ದ, ಆದರೆ ಅದು ಅವನಿಗೆ ಗೊತ್ತಿರಲಿಲ್ಲ.

ಆ ಜನರಲ್ಲಿ ಮೀನು ಮಾರುವ ಮಾಸ್ತಮ್ಮ ಹದಿನಾಲ್ಕು ವರ್ಷದ ಹಳೆಯ ಗಿರಾಕಿ. ಬೆಳಿಗ್ಗೆ ತುಂಬಿದ ಬುಟ್ಟಿ ಹೊತ್ತು ಬರುವಳು, ಸಂಜೆ ಖಾಲಿ ಬುಟ್ಟಿ ಹಿಡಿದು ಮರಳುವಳು. ದೋಣಿಯ ಮೂರನೇ ಹಲಗೆ ಅವಳ ಜಾಗ. ಕೂತವಳೇ ಕಾಲಡಿಯ ತೆಂಗಿನ ಚಿಪ್ಪು ಎತ್ತಿಕೊಳ್ಳುವಳು. ಒಳಗೆ ಜಿನುಗಿದ ನೀರನ್ನು ಮೊಗೆದು ಹೊಳೆಗೆ ಚೆಲ್ಲುತ್ತ, ಯಾರ ಮನೆಯ ಸೊಸೆ ಮುನಿಸಿಕೊಂಡಳು, ಯಾರ ಎಮ್ಮೆ ಯಾರ ಗದ್ದೆಗೆ ನುಗ್ಗಿತು ಎಂದು ಆಚೆ ದಡ ಮುಟ್ಟುವ ತನಕ ಹೇಳುವಳು.

ನಿಜ ಹೇಳಬೇಕೆಂದರೆ, ಮೂರನೇ ಹಲಗೆಯ ಕೆಳಗೆ ಒಂದು ಬಿರುಕಿತ್ತು. ಮಳೆಗಾಲ ಮುಗಿಯಲಿ, ಸರಿ ಮಾಡಿಸುತ್ತೇನೆ ಎಂದು ಮೊದಲ ವರ್ಷ ಜಟ್ಟಯ್ಯ ಅಂದುಕೊಂಡಿದ್ದ. ಆಮೇಲೆ ದೋಣಿಯಲ್ಲಿ ನೀರು ನಿಲ್ಲುವುದೇ ಕಾಣಲಿಲ್ಲ. ಬಿರುಕು ತಾನಾಗಿಯೇ ವಾಸಿಯಾಯಿತೇನೋ ಎಂಬಷ್ಟು ನಿಶ್ಚಿಂತೆಯಿಂದ ಅದನ್ನು ಮರೆತ. ಅವನಿಗೆ ಮಾಸ್ತಮ್ಮನ ಬಾಯಿ ಕೇಳುತ್ತಿತ್ತೇ ಹೊರತು ಅವಳ ಕೈ ಕಾಣುತ್ತಿರಲಿಲ್ಲ.

ಒಂದು ದಿನ ಪೇಟೆಯ ಲಾಡ್ಜಿನ ಮ್ಯಾನೇಜರ್ ಸುಧಾಕರ ದೋಣಿ ಹುಡುಕಿಕೊಂಡು ಬಂದ.

"ಜಟ್ಟಯ್ಯ, ಹುಣ್ಣಿಮೆ ಸಂಜೆ ನಡುಹೊಳೆಯಲ್ಲಿ ನಿಂತರೆ ಈ ಕಡೆ ಸೂರ್ಯ ಮುಳುಗ್ತಾನೆ, ಆ ಕಡೆ ಚಂದ್ರ ಹುಟ್ತಾನೆ. ಹೌದಲ್ಲ?"

"ಹೌದು. ಅದರಲ್ಲೇನು?"

"ಅದನ್ನು ನೋಡಲಿಕ್ಕೆ ನಮ್ಮ ಲಾಡ್ಜಿನ ಜನ ತಲೆಗೆ ಮುನ್ನೂರು ಕೊಡ್ತಾರೆ. ಈ ಸಲ ಚೆನ್ನಾಗಿ ನಡೆದರೆ ಪ್ರತಿ ಹುಣ್ಣಿಮೆಯೂ ನಿನ್ನದೇ."

ಜಟ್ಟಯ್ಯನ ಹೊಟ್ಟೆ ಉರಿದುಹೋಯಿತು. ಇಷ್ಟು ಬೆಲೆಯ ಚಂದ್ರನನ್ನು ಇಷ್ಟು ವರ್ಷ ಮೀನು ಮಾರುವವರಿಗೂ ಸೊಪ್ಪು ಮಾರುವವರಿಗೂ ಹತ್ತು ರೂಪಾಯಿಗೆ ತೋರಿಸಿಬಿಟ್ಟೆನಲ್ಲ ಎಂದು ಅವತ್ತು ಅವನಿಗೆ ಊಟವೂ ಸೇರಲಿಲ್ಲ.

ಕಾರ್ತಿಕ ಹುಣ್ಣಿಮೆ ಬಂತು. ಜಟ್ಟಯ್ಯ ದೋಣಿಯನ್ನು ಉಜ್ಜಿ ಉಜ್ಜಿ ತೊಳೆದ. ಅಂಚಿಗೆ ಮಾವಿನ ತೋರಣ ಕಟ್ಟಿದ. ಹಲಗೆಗಳ ಮೇಲೆ ಹೆಂಡತಿಯ ತವರಿನ ಹೊಸ ಚಾಪೆ ಹಾಸಿದ. ಮೂಲೆಯಲ್ಲಿದ್ದ ಹಳೆಯ ತೆಂಗಿನ ಚಿಪ್ಪು ಕಣ್ಣಿಗೆ ಬಿತ್ತು. ಮುನ್ನೂರು ರೂಪಾಯಿಯ ದೋಣಿಯಲ್ಲಿ ಇದೆಂಥ ದರಿದ್ರ ಎಂದು ಅದನ್ನು ದಡದ ಪೊದೆಗೆ ಎಸೆದ.

ಸಂಜೆ ಸುಧಾಕರನೂ ಅವನ ಎಂಟು ಜನ ಅತಿಥಿಗಳೂ ದೋಣಿ ಹತ್ತುವ ಹೊತ್ತಿಗೆ ಸರಿಯಾಗಿ ಮಾಸ್ತಮ್ಮ ಖಾಲಿ ಬುಟ್ಟಿ ಹಿಡಿದು ಬಂದಳು. ತೋರಣ ನೋಡಿ ನಿಂತಳು.

"ಎಂತದಾ ಜಟ್ಟು, ದೋಣಿಗೆ ಮದುವೆಯನಾ?"

"ಇವತ್ತು ವಿಶೇಷ ದೋಣಿ ಮಾಸ್ತಕ್ಕ. ತಲೆಗೆ ಮುನ್ನೂರು."

"ಎಂತಕ್ಕೆ? ಹೊಳೆ ಅಗಲ ಆಯ್ತನಾ?"

"ಹೊಳೆ ಅಷ್ಟೇ ಇದೆ. ಇವತ್ತು ಹುಣ್ಣಿಮೆ."

"ಓಹೋ. ಚಂದ್ರನಿಗೆ ಎಷ್ಟು ಕೊಡೂದು ಅಂತ ಮಾತಾಡ್ಕಂಡಿದ್ಯಾ?"

ಅತಿಥಿಗಳು ನಕ್ಕರು. ಜಟ್ಟಯ್ಯನ ಮುಖ ಕೆಂಪಾಯಿತು. "ಈ ಮೀನಿನ ಬುಟ್ಟಿ ಇವತ್ತು ಆಗೂದಿಲ್ಲ ಮಾರಾಯ್ತಿ. ಇವರನ್ನು ತಿರುಗಿಸಿ ತಂದ ಮೇಲೆ ನಿನ್ನ ದಾಟಿಸ್ತೆ. ಇಲ್ಲೇ ಕೂತಿರು."

ಮಾಸ್ತಮ್ಮ ದೋಣಿಯೊಳಗೆ ಇಣುಕಿದಳು. ಹದಿನಾಲ್ಕು ವರ್ಷದಲ್ಲಿ ಅವಳನ್ನು ಈ ದಡದಲ್ಲಿ ಯಾರೂ ಬಿಟ್ಟು ಹೋಗಿರಲಿಲ್ಲ. ಕೇಳಿದಳು, "ನನ್ನ ಚಿಪ್ಪು ಎಲ್ಲಿ?"

"ಎಸೆದೆ."

"ಜಟ್ಟು, ಆ ಮೂರನೇ ಹಲಗೆ..."

"ನಿನ್ನ ಪುರಾಣ ಆಮೇಲೆ," ಎಂದು ಜಟ್ಟಯ್ಯ ಹುಟ್ಟು ಹಾಕಿದ.

ದೋಣಿ ಅರ್ಧ ಹೊಳೆಗೆ ಬಂತು. ಮಾತಿಲ್ಲ, ಗಲಾಟೆಯಿಲ್ಲ. ಗಿರಾಕಿ ಎಂದರೆ ಇವರಪ್ಪ ಎಂದು ಜಟ್ಟಯ್ಯ ಒಳಗೊಳಗೇ ಹಿಗ್ಗಿದ. ಅಷ್ಟರಲ್ಲಿ ಮೂರನೇ ಹಲಗೆಯಲ್ಲಿ ಕೂತಿದ್ದ ದಪ್ಪ ಕನ್ನಡಕದವರು ಕಾಲು ನೋಡಿಕೊಂಡರು.

"ಸುಧಾಕರ್, ಪಾದಕ್ಕೆ ತಣ್ಣಗೆ ನೀರೂ ಬಿಡ್ತಾರೇನ್ರೀ? ಒಳ್ಳೆ ವ್ಯವಸ್ಥೆ."

"ಅದಕ್ಕೆ ಬೇರೆ ಚಾರ್ಜ್ ಇಲ್ಲ ತಾನೇ?" ಎಂದು ಅವರ ಹೆಂಡತಿ ಕೇಳಿದರು.

ಜಟ್ಟಯ್ಯ ಬಗ್ಗಿ ನೋಡಿದ. ಹೆಂಡತಿಯ ತವರಿನ ಚಾಪೆಯ ತುದಿ ತೇಲುತ್ತಿತ್ತು. ಅವನಿಗೆ ಬಿರುಕು ನೆನಪಾಯಿತು, ಚಿಪ್ಪು ನೆನಪಾಯಿತು, ಮಾಸ್ತಮ್ಮ ನೆನಪಾದಳು. ಮೂರೂ ದಡದಲ್ಲೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಬಿರುಕು ಮಾತ್ರ ಅವನ ಜೊತೆ ಬಂದಿತ್ತು.

"ಸ್ವಲ್ಪ ನೀರು ಎತ್ತಿ ಹಾಕಿ ಸ್ವಾಮಿ," ಎಂದು ಬೇಡಿಕೊಂಡ.

"ಮುನ್ನೂರು ಕೊಟ್ಟು ನಾವು ನೀರು ಎತ್ತಬೇಕೇನಯ್ಯಾ?"

ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಹುಟ್ಟು ಬಿಟ್ಟರೆ ದೋಣಿ ಸೆಳವಿಗೆ ಸಿಕ್ಕಿ ಹೋಗುತ್ತದೆ, ಹಿಡಿದರೆ ನೀರು ಏರುತ್ತದೆ. ಅದೇ ಹೊತ್ತಿಗೆ ಯಾರೋ "ಅಗೋ ಚಂದ್ರ" ಎಂದರು. ಒಂಬತ್ತೂ ಜನ ಒಟ್ಟಿಗೆ ಪೂರ್ವಕ್ಕೆ ವಾಲಿದರು. ದೋಣಿಯೂ ವಾಲಿತು. ಒಂದು ಕೊಡ ನೀರು ಒಮ್ಮೆಗೇ ಒಳಗೆ ಬಂತು. ಆಮೇಲೆ ಸೂರ್ಯ ಎಲ್ಲಿ ಮುಳುಗಿದ, ಚಂದ್ರ ಎಲ್ಲಿ ಹುಟ್ಟಿದ ಎಂದು ಯಾರೂ ನೋಡಲಿಲ್ಲ. ಕನ್ನಡಕದವರು ಬೂಟು ಬಿಚ್ಚಿ ನೀರು ಮೊಗೆಯತೊಡಗಿದರು.

ಹೇಗೋ ಜಟ್ಟಯ್ಯ ದೋಣಿಯನ್ನು ನಡುಹೊಳೆಯ ಮರಳು ದಿಬ್ಬಕ್ಕೆ ತಾಗಿಸಿದ. ಎಲ್ಲರೂ ಮೊಣಕಾಲು ನೀರಿನಲ್ಲಿ ಇಳಿದು ನಿಂತರು. ಆದರೆ ಅದು ಹುಣ್ಣಿಮೆಯ ಹೊಳೆ. ಉಬ್ಬರ ಶುರುವಾಗಿತ್ತು. ಇನ್ನೊಂದು ಗಂಟೆಯಲ್ಲಿ ದಿಬ್ಬವೂ ಇರುವುದಿಲ್ಲ ಎಂದು ಜಟ್ಟಯ್ಯನಿಗೆ ಗೊತ್ತಿತ್ತು. ದೋಣಿ ಹೋದರೆ ಹೊಟ್ಟೆಪಾಡು ಹೋಯಿತು, ಇವರಲ್ಲಿ ಒಬ್ಬರಿಗೆ ಏನಾದರೂ ಆದರೆ ಮುಖವೆತ್ತಿ ಬದುಕುವಂತಿಲ್ಲ.

ಆಗ ದಡದ ಕಡೆಯಿಂದ ಮಾತು ಕೇಳಿತು. ಮನುಷ್ಯರು ಕಾಣುವ ಮೊದಲೇ ಮಾತು ಬರುತ್ತಿದೆ ಎಂದರೆ ಯಾರು ಎಂದು ಬೇರೆ ಹೇಳಬೇಕಿಲ್ಲ. ಮಾಸ್ತಮ್ಮ ಯಾರದೋ ಪುಟ್ಟ ಪಾತಿದೋಣಿ ಬಿಚ್ಚಿಕೊಂಡು ತಾನೇ ಹುಟ್ಟು ಹಾಕುತ್ತ ಬರುತ್ತಿದ್ದಳು. ಪೊದೆಯಿಂದ ಹುಡುಕಿ ತೆಗೆದ ಚಿಪ್ಪು ಅವಳ ಮಡಿಲಲ್ಲಿತ್ತು.

"ಪುರಾಣ ಆಮೇಲೆ ಅಂದ್ಯಲಾ, ಈಗ ಹೇಳ್ಲನಾ?" ಎಂದಳು.

ಜಟ್ಟಯ್ಯ ತಲೆ ತಗ್ಗಿಸಿದ. ಮಾಸ್ತಮ್ಮ ಕೆಲಸಕ್ಕೆ ಇಳಿದಳು. ಬುಟ್ಟಿ ಹೊರುವಾಗ ತಲೆಗಿಡುವ ಬಟ್ಟೆಯ ಸಿಂಬೆಯನ್ನು ಬಿಚ್ಚಿ ಬಿರುಕಿಗೆ ತುರುಕಿದಳು. ಅದರ ಮೇಲೆ ಹಿಮ್ಮಡಿ ಒತ್ತಿ ಕೂತಳು. "ಟೋಪಿ ಇದ್ದವ್ರು ಟೋಪಿ, ಬೂಟು ಇದ್ದವ್ರು ಬೂಟು," ಎಂದು ಅಪ್ಪಣೆ ಮಾಡಿದಳು. ಮುನ್ನೂರರ ಲೆಕ್ಕ ಈಗ ಯಾರೂ ಎತ್ತಲಿಲ್ಲ. ಕಾಲು ಗಂಟೆಯಲ್ಲಿ ದೋಣಿ ತೇಲಿತು. ಪಾತಿದೋಣಿಯನ್ನು ಅದರ ಹಿಂದೆ ಕಟ್ಟಿಕೊಂಡರು. ದಡ ಮುಟ್ಟುವ ತನಕ ಅವಳು ಹೇಳಿದ ಎಮ್ಮೆಯ ಕಥೆಗೆ ಸುಧಾಕರನ ಅತಿಥಿಗಳು ಚಂದ್ರನನ್ನೂ ಮರೆತು ನಕ್ಕರು.

ದಡದಲ್ಲಿ ಜಟ್ಟಯ್ಯ ಯಾರೂ ಕೇಳುವ ಮೊದಲೇ ಅಷ್ಟೂ ಹಣ ಹಿಂದಿರುಗಿಸಿದ. ಆಮೇಲೆ ಪಾತಿದೋಣಿಯನ್ನು ಅದರ ಜಾಗದಲ್ಲೇ ಕಟ್ಟಿ, ಮಾಸ್ತಮ್ಮನೊಬ್ಬಳನ್ನೇ ಕೂರಿಸಿಕೊಂಡು ಆಚೆ ದಡಕ್ಕೆ ಹೊರಟ. ಬೆಳದಿಂಗಳು ಹೊಳೆ ತುಂಬ ಚೆಲ್ಲಿತ್ತು. ಇಳಿಯುವಾಗ ಅವಳು ಎಂದಿನಂತೆ ಸೆರಗಿನ ಗಂಟು ಬಿಚ್ಚಿ, ಹತ್ತು ರೂಪಾಯಿ ಅವನ ಅಂಗೈಗಿಟ್ಟಳು.

"ಬೇಡ ಮಾಸ್ತಕ್ಕ. ಇವತ್ತು ಹ್ಯಾಂಗೆ ತಕಳ್ಲಿ?"

"ತಕ. ನನ್ನ ಹತ್ರ ಹುಣ್ಣಿಮೆಗೆ ಬೇರೆ ರೇಟು ಇಲ್ಲ," ಎಂದು ಅವಳು ಮನೆಯ ಕಡೆ ನಡೆದಳು. ಜಟ್ಟಯ್ಯನ ಕಣ್ಣು ತುಂಬಿ ಬಂತು. ಆ ನೋಟು ಹಿಡಿದ ಕೈಯನ್ನು ಮಡಚಲು ಅವನಿಂದ ಬಹಳ ಹೊತ್ತು ಆಗಲಿಲ್ಲ.

ಮಾರನೆಯ ದಿನವೇ ಬಡಗಿಯನ್ನು ಕರೆಸಿ ಬಿರುಕು ಮುಚ್ಚಿಸಿದ. ಹುಣ್ಣಿಮೆಯ ದೋಣಿ ಈಗಲೂ ಹೋಗುತ್ತದೆ, ಮುನ್ನೂರು ರೂಪಾಯಿಯೇ. ಆದರೆ ದಿನದವರನ್ನೆಲ್ಲ ಹತ್ತು ರೂಪಾಯಿಗೆ ದಾಟಿಸಿದ ಮೇಲೆ ಹೋಗುತ್ತದೆ. ಮೂರನೇ ಹಲಗೆಯಂತೂ ಯಾವ ಹುಣ್ಣಿಮೆಗೂ ಮಾರಾಟಕ್ಕಿಲ್ಲ. ಮನಸ್ಸಾದಾಗ ಮಾಸ್ತಮ್ಮ ಅಲ್ಲಿ ಕೂತು, ಒಂದು ಹನಿ ನೀರಿಲ್ಲದ ದೋಣಿಯಲ್ಲಿ ಹಳೆಯ ಅಭ್ಯಾಸಕ್ಕೆ ಚಿಪ್ಪಿನಿಂದ ಒಣ ಹಲಗೆಯನ್ನೇ ಕೆರೆದು ಹೊಳೆಗೆ ಚೆಲ್ಲುತ್ತ, ಎಮ್ಮೆಯ ಕಥೆ ಹೇಳುತ್ತಾಳೆ. ಜಟ್ಟಯ್ಯ ಹುಟ್ಟು ಹಾಕುತ್ತ ಅವಳ ಕೈಯನ್ನೇ ನೋಡುತ್ತಾನೆ.

ನೀತಿ: ವಿಶೇಷ ದಿನಕ್ಕೆ ಹೆಚ್ಚು ಬೆಲೆ ಕೇಳುವುದು ತಪ್ಪಲ್ಲ. ಆದರೆ ಅದಕ್ಕಾಗಿ ದಿನವೂ ಬರುವವರನ್ನು ದಡದಲ್ಲಿ ಬಿಟ್ಟು ಹೊರಡಬೇಡಿ. ನಿಮ್ಮ ದೋಣಿ ಇಷ್ಟು ದಿನ ತೇಲಿದ್ದು ಅವರ ಕೈಯಿಂದ ಎಂಬುದು ನಡುಹೊಳೆಗೆ ಹೋದ ಮೇಲೆ ಗೊತ್ತಾದರೆ ತಡವಾಗಿರುತ್ತದೆ.