ದರ್ಜಿಗೆ ಸಿಕ್ಕ ವೀಸಾ

"ಗುರುಗಳೇ, ನನಗೆ ಸನ್ಯಾಸ ಕೊಡಲು ಇನ್ನೂ ಏಕೆ ತಡಮಾಡುತ್ತಿದ್ದೀರಿ?" ಎಂದು ಶಿಷ್ಯ ನೀಲಕಂಠ ಕೇಳಿದ. "ನನಗೆ ಮನೆಯ ನೆನಪು ಬರುವುದಿಲ್ಲ. ಊರಿನ ಹಂಗಿಲ್ಲ. ಈ ಮಠದಲ್ಲೂ ಯಾರನ್ನೂ ಹಚ್ಚಿಕೊಂಡಿಲ್ಲ. ಎಲ್ಲ ಬಿಟ್ಟು ಹೊರಡಲು ನನ್ನಷ್ಟು ಸಿದ್ಧನಾದವನು ಇಲ್ಲಿ ಇನ್ನೊಬ್ಬನಿಲ್ಲ."

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಹೆಂಡತಿ ನರ್ಸು. ಕಡಲಾಚೆಯ ದೇಶವೊಂದರ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಕಂಕುಳ ಕೂಸನ್ನು ಎತ್ತಿಕೊಂಡು ಅವಳು ಮೊದಲು ಹೋದಳು. ದರ್ಜಿ ಹಿಂದಿನಿಂದ ಹೋಗುವುದೆಂದು ಮಾತಾಗಿತ್ತು. ಆ ದೇಶದಲ್ಲಿ ಕೆಲವು ವರ್ಷ ಇರಬೇಕಾದರೆ ತಾತ್ಕಾಲಿಕ ವಾಸದ ವೀಸಾ ಬೇಕು. ಅವನು ಅರ್ಜಿ ಹಾಕಿ ಕಾದ.

ಇಂದೋ ನಾಳೆಯೋ ಕರೆ ಬಂದೀತೆಂದು ಬಾಡಿಗೆ ಮನೆ ಬಿಟ್ಟು ಅಂಗಡಿಯಲ್ಲೇ ಮಲಗತೊಡಗಿದ. ಮದುವೆಯ ಬಟ್ಟೆ ತಂದವರನ್ನು, "ಹೊಲಿದು ಮುಗಿಸುವ ಹೊತ್ತಿಗೆ ನಾನೇ ಇರುವುದಿಲ್ಲ" ಎಂದು ಹಿಂದಕ್ಕೆ ಕಳಿಸಿದ. ಯಾರ ಮನೆಯ ಶುಭಕ್ಕೂ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ಜನ ಅವನನ್ನು 'ನಾಳೆ ಹೊರಡುವವನು' ಎಂದು ಕರೆದರು. ಆಮೇಲೆ ಕರೆಯುವುದನ್ನೂ ಬಿಟ್ಟರು.

ಸಂಜೆಯಾದರೆ ಫೋನಿನಲ್ಲಿ ಮಗಳ ಮುಖ ಕಾಣುತ್ತಿತ್ತು. ಅವಳಿಗೆ ಹಲ್ಲು ಬಂದದ್ದು, ಅವಳು ಗೋಡೆ ಹಿಡಿದು ಹೆಜ್ಜೆ ಇಟ್ಟದ್ದು, ಎಲ್ಲವನ್ನೂ ಅವನು ಅಂಗೈಯಗಲದ ಗಾಜಿನಲ್ಲಿ ಕಂಡ. ಮಾತು ಮುಗಿದು ಗಾಜು ಕಪ್ಪಾದ ಮೇಲೂ ಅದನ್ನೇ ನೋಡುತ್ತ ಕೂರುತ್ತಿದ್ದ.

ಕೊನೆಗೆ ವೀಸಾ ಕಚೇರಿಯಿಂದ ಕರೆ ಬಂತು. ಅಲ್ಲಿಯ ಅಧಿಕಾರಿ ಕೇಳಿದರು: "ಅವಧಿ ಮುಗಿದ ಮೇಲೆ ನೀವು ಮರಳಬೇಕಾಗುತ್ತದೆ. ಮರಳಿ ಬರಲು ಇಲ್ಲಿ ನಿಮಗೆ ಏನಿದೆ?"

"ಏನೂ ಇಲ್ಲ" ಎಂದ ದರ್ಜಿ. "ನನ್ನ ಜೀವವೆಲ್ಲ ಅಲ್ಲೇ ಇದೆ."

ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದೆಂದು ಅವನು ನಂಬಿದ್ದ. ಮರಳಿ ಬರಲು ಕಾರಣವಿಲ್ಲದವರಿಗೆ ವೀಸಾ ಕೊಡಲಾಗುವುದಿಲ್ಲ ಎಂದು ಕಚೇರಿ ತಿಳಿಸಿತು. ಹೆಂಡತಿ ಫೋನಿನಲ್ಲಿ ಅತ್ತಳು. ಅತ್ತು ಮುಗಿದ ಮೇಲೆ, "ಮತ್ತೆ ಅರ್ಜಿ ಹಾಕಿ" ಎಂದಳು. ಹಾಕಿದ. ಮತ್ತೆ ಕಾಯುವ ದಿನಗಳು ಬಂದವು.

ಅಷ್ಟರಲ್ಲಿ ಮಗಳು ಮಾತು ಕಲಿತಳು. ಒಂದು ಸಂಜೆ, "ಅಪ್ಪಾ, ಅಲ್ಲಿ ಕೂಗಿದ್ದು ಏನು?" ಎಂದು ಕೇಳಿದಳು. ಯಾವುದೋ ಹಕ್ಕಿ ಎಂದ. ಯಾವ ಹಕ್ಕಿ ಎಂದಳು. ಅವನಿಗೆ ಗೊತ್ತಿರಲಿಲ್ಲ. ಫೋನು ಹಿಡಿದುಕೊಂಡೇ ಅಂಗಡಿಯ ಹಿಂದಕ್ಕೆ ಹೋಗಿ ನೋಡಿದ. ಬೇವಿನ ಮರದಲ್ಲಿ ಕೆಂಬೂತ ಕೂತಿತ್ತು. ಮರುಸಂಜೆ ಅವಳು ಇನ್ನೊಂದನ್ನು ಕೇಳಿದಳು. ಅಪ್ಪ ಇರುವ ಊರಿನಲ್ಲಿ ಏನೇನಿದೆ ಎಂದು ತಿಳಿಯುವ ತವಕ ಆ ಮಗುವಿಗೆ. ಹೀಗೆ ಅವನು ಫೋನು ಎತ್ತಿ ಹಿಡಿದು ಬೀದಿ ಬೀದಿ ತಿರುಗುವಂತಾಯಿತು.

ಹಿಟ್ಟಿನ ಗಿರಣಿಯ ಅಜ್ಜಿ ಅವನನ್ನು ಕಂಡು ನಿಂತಳು. "ಏನಪ್ಪಾ, ಇನ್ನೂ ಇಲ್ಲೇ ಇದ್ದೀಯಾ? ಯಾವತ್ತೋ ಹೋದೆ ಅಂದ್ಕೊಂಡಿದ್ದೆ."

"ಇದ್ದೀನಿ, ಅಜ್ಜಿ."

"ಇದ್ದೀಯಂದ್ರೆ ನನ್ನ ಮೊಮ್ಮಗಳಿಗೊಂದು ಲಂಗ ಹೊಲ್ಕೊಡು."

ಮೊಮ್ಮಗಳು ಅವನ ಮಗಳ ವಯಸ್ಸಿನವಳು. ಅಳತೆ ತೆಗೆಯಲು ಅವಳನ್ನು ನಿಲ್ಲಿಸಿದ. ನನ್ನವಳೂ ಇಷ್ಟೇ ಎತ್ತರ ಇದ್ದಾಳು ಎಂದುಕೊಂಡು ಮಗುವಿನ ನೆತ್ತಿಯ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ತೆಗೆಯಲಾಗಲಿಲ್ಲ. ಅಜ್ಜಿ ಮುಖ ಆಚೆ ತಿರುಗಿಸಿಕೊಂಡಳು.

ಅದೇ ಬಟ್ಟೆಯಲ್ಲಿ, ಅದೇ ಅಳತೆಗೆ ಇನ್ನೊಂದು ಲಂಗ ಹೊಲಿದು ಕಡಲಾಚೆಗೆ ಕಳಿಸಿದ. ಅದು ತಲುಪುವಷ್ಟರಲ್ಲಿ ಮಗಳು ಬೆಳೆದಿದ್ದಳು. ಲಂಗ ಮೊಣಕಾಲಿನ ಹತ್ತಿರವೇ ನಿಂತಿತು. ಮಗಳು ಅದನ್ನು ಉಟ್ಟು ಸುತ್ತುತ್ತಿದ್ದರೆ ದರ್ಜಿ ನಕ್ಕ. ಫೋನು ಇಟ್ಟ ಮೇಲೆ ಅತ್ತ.

ಆದರೆ ಅಜ್ಜಿಯ ಮೊಮ್ಮಗಳು ಉಟ್ಟ ಲಂಗ ನೋಡಿದವರು ಬಟ್ಟೆ ತರತೊಡಗಿದರು. ಈ ಸಲ ಅವನು ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ. ತಾನು ಹೊಲಿದ ರವಿಕೆ ತೊಟ್ಟ ಮದುಮಗಳನ್ನು ನೋಡಲು ಮದುವೆಗೆ ಹೋದ, ಊಟದ ಪಂಕ್ತಿಯಲ್ಲಿ ನಿಂತು ಬಡಿಸಿದ. ಗಿರಣಿಯ ಅಜ್ಜಿ ತೀರಿಕೊಂಡಾಗ ಅವಳಿಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಮಗಳ ಮೇಲಿನ ಹಂಬಲ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಹಂಬಲಿಸುತ್ತಲೇ ಅವನು ಊರಿನವನಾದ.

ಎರಡನೆಯ ಸಲ ಕಚೇರಿಗೆ ಹೋದಾಗ ಅದೇ ಪ್ರಶ್ನೆ ಬಂತು. ದರ್ಜಿ ತನ್ನ ಬೀದಿಯ ಬಗ್ಗೆ ಹೇಳಿದ, ಈಚೆಗೆ ತನ್ನ ಅಂಗಡಿಗೆ ಹೊಲಿಗೆ ಕಲಿಯಲು ಬರುವ ಹೆಂಗಸರ ಬಗ್ಗೆ ಹೇಳಿದ, ಅಜ್ಜಿಯಿಲ್ಲದ ಗಿರಣಿಯಲ್ಲಿ ಮೊಮ್ಮಗಳು ತನಗಾಗಿ ಕಾಯುವುದನ್ನು ಹೇಳಿದ. ಕೊನೆಗೆ, "ಇದನ್ನೆಲ್ಲ ಬಿಟ್ಟು ಹೇಗೆ ಹೋಗಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ, ಸ್ವಾಮಿ. ಆದರೆ ಮಗಳು ಅಲ್ಲಿದ್ದಾಳೆ" ಎಂದ.

ವೀಸಾ ಸಿಕ್ಕಿತು.

ಹೊರಡುವ ದಿನ ಬೀದಿಗೆ ಬೀದಿಯೇ ಬಸ್ ನಿಲ್ದಾಣಕ್ಕೆ ಬಂದಿತ್ತು. ಎಷ್ಟೋ ಕಾಲದಿಂದ ಬಯಸಿದ ಬಸ್ಸು ಬಂದು ನಿಂತಾಗ ದರ್ಜಿಗೆ ಕಾಲು ಏಳಲಿಲ್ಲ. ಜನರೇ ಅವನನ್ನು ಹತ್ತಿಸಿದರು. ಕಡಲಾಚೆಯಲ್ಲಿ ಮಗಳು ಅವನನ್ನು ಕಂಡು ಮೊದಲು ತಾಯಿಯ ಹಿಂದೆ ಅಡಗಿದಳು. ಗಾಜಿನಲ್ಲಿ ಅಂಗೈಯಷ್ಟೇ ಇದ್ದ ಅಪ್ಪ ಇಷ್ಟು ದೊಡ್ಡವನೇ ಎಂದು ಅವಳಿಗೆ ಅಚ್ಚರಿ. ಆಮೇಲೆ ಮೆಲ್ಲಗೆ ಬಂದು ಅವನ ಬೆರಳು ಹಿಡಿದಳು.

ಗುರುಗಳು ಕತೆ ನಿಲ್ಲಿಸಿದರು.

ನೀಲಕಂಠ ಒಪ್ಪಲಿಲ್ಲ. "ಮೊದಲ ಸಲವೇ ಅವನನ್ನು ಕಳಿಸಬಹುದಿತ್ತಲ್ಲ, ಗುರುಗಳೇ? ಆಗ ಅವನಿಗೆ ಯಾವ ಕಟ್ಟೂ ಇರಲಿಲ್ಲ. ಅಳದೆ ಹೊರಟುಬಿಡುತ್ತಿದ್ದ."

ಗುರುಗಳು ಶಿಷ್ಯನನ್ನು ನೋಡಿ ಹೇಳಿದರು: "ಇನ್ನೂ ಬಂದೇ ಇರದವನು ಹೊರಡುವುದು ಎಲ್ಲಿಂದ, ನೀಲಕಂಠ?"

ಅಂದಿನ ಊಟದ ಹೊತ್ತಿಗೆ ನೀಲಕಂಠ ಮಠದ ಪಂಕ್ತಿಯಲ್ಲಿ ನಿಂತು ಬಡಿಸಿದ.